ಎಮ್ಮೆಯಿಲಿಯ ಬಾಣಂತನ

ಬೆಳಕವಾಡಿಯ ಸುತ್ತಮುತ್ತ ಚಿಕ್ಕಮಾದಮ್ಮನ ಕೈಯಲ್ಲಿ ನೀರು ಹಾಕಿಸಿಕೊಳ್ಳದ ಬಾಣಂತಿಯೇ ಇಲ್ಲ ಎನ್ನುವ ಕಾಲವೊಂದಿತ್ತು. ಬೇರೆ ದಿನ ಅವಳನ್ನು ಜಗುಲಿ ದಾಟಿಸದ ಮನೆಯವರೂ ಹೆರಿಗೆ ನೋವು ಶುರುವಾಯಿತೆಂದರೆ ಓಡಿಬಂದು ಕರೆದೊಯ್ದು, ನಡುಮನೆ ದಾಟಿಸಿ, ಒಳಕೋಣೆಗೇ ಬಿಟ್ಟುಕೊಳ್ಳುತ್ತಿದ್ದರು. ಹನ್ನೊಂದು ದಿನ ಆ ಕೋಣೆ ಅವಳದು. ಅಲ್ಲಿ ಅವಳ ಮಾತೇ ಮಾತು. ಗಂಡ, ಅತ್ತೆ, ನಾದಿನಿ ಎಲ್ಲರೂ ಬಾಗಿಲಾಚೆ. ಹನ್ನೆರಡನೆಯ ದಿನ ಮತ್ತೆ ಅದೇ ಜಗುಲಿ. ಅದಕ್ಕೆ ಅವಳು ಬೇಜಾರು ಮಾಡಿಕೊಂಡವಳಲ್ಲ. ಹನ್ನೊಂದು ದಿನವಾದರೂ ಸಿಗುತ್ತಲ್ಲ, ಅಷ್ಟು ಸಾಕು ಅಂದುಕೊಂಡಿದ್ದಳು.

ಕಾಲ ಸರಿಯಿತು. ಹೆರಿಗೆಗೆ ಎಲ್ಲರೂ ಮಳವಳ್ಳಿಗೋ ಮಂಡ್ಯಕ್ಕೋ ಆಂಬುಲೆನ್ಸಿನಲ್ಲಿ ಹೋಗತೊಡಗಿದರು. ಬಾಣಂತಿಯರು ಮೂರನೇ ದಿನಕ್ಕೇ ಗೀಸರಿನ ನೀರಲ್ಲಿ ತಾವೇ ಸ್ನಾನ ಮುಗಿಸಿಕೊಂಡು ಬಂದು ಫೋನು ಹಿಡಿದು ಕೂರುವುದನ್ನು ಕಂಡು ಚಿಕ್ಕಮಾದಮ್ಮ ಮೂಗು ಮುರಿದಳು. ಮೂಗು ಮುರಿದರೆ ಹೊಟ್ಟೆ ತುಂಬುತ್ತದೆಯೇ? ಅರವತ್ತು ಹತ್ತಿರ ಬಂದಾಗ, ಶಿವನಸಮುದ್ರದ ರಸ್ತೆಯಲ್ಲಿ ಯತೀಶ್ ಮಾಡಿದ್ದ ತೋಟಕ್ಕೆ ಪ್ರಾಣಿಗಳನ್ನು ನೋಡಿಕೊಳ್ಳಲು ಸೇರಿಕೊಂಡಳು.

ಯತೀಶ್ ಅನುಕೂಲಸ್ಥರ ಮನೆಯ ಹುಡುಗ. ಜಲಪಾತ ನೋಡಲು ಬರುವವರು ಒಂದು ಗಳಿಗೆ ಇಲ್ಲಿ ಇಳಿದು ಹೋಗಲಿ ಎಂದು, ಅಪ್ಪನ ಕಬ್ಬಿನ ಗದ್ದೆಯ ಒಂದು ಮೂಲೆಯಲ್ಲಿ ಕೊಳ ತೋಡಿಸಿ, ಬೇಲಿ ಹಾಕಿಸಿ, ಮೊಲ, ಎಮು ಹಕ್ಕಿ, ಕುಳ್ಳ ಕುದುರೆ ಎಂದು ಏನೇನೋ ತಂದು ತುಂಬಿದ್ದ. ಕೊನೆಗೆ ಕಾಗದಪತ್ರವನ್ನೆಲ್ಲ ಸರಿಮಾಡಿಸಿ ಮೂರು ಕ್ಯಾಪಿಬಾರಗಳನ್ನೂ ತಂದ. ಕುರಿಯಷ್ಟು ಎತ್ತರ, ಹಂದಿಯ ಮೈಕಟ್ಟು, ಇಲಿಯ ಮುಖ, ಬಾಲ ಮಾತ್ರ ಇಲ್ಲ. ಬಿಸಿಲೇರಿದರೆ ಕಣ್ಣು ಮೂಗು ಮಾತ್ರ ಮೇಲಿಟ್ಟುಕೊಂಡು ನೀರಿನಲ್ಲೇ ಬಿದ್ದಿರುವ ಅವುಗಳನ್ನು ನೋಡಿ ಊರಿನವರು ಎಮ್ಮೆಯಿಲಿ ಎಂದರು. ಆ ಹೆಸರೇ ನಿಂತಿತು. ಮೂಗಿನ ಮೇಲೆ ಕೂದಲಿಲ್ಲದ ಗುಬುಟು ಇದ್ದ ಗಂಡಿಗೆ ಚಿಕ್ಕಮಾದಮ್ಮ ಯಜಮಾನ ಎಂದು ಹೆಸರಿಟ್ಟಳು. ಹೆಣ್ಣು ಎರಡು. ಬೇರೆಲ್ಲೋ ಒಂದು ಸೂಲು ಮರಿ ಹಾಕಿ ಬಂದಿದ್ದ ದೊಡ್ಡದು ಗೌರಿ, ಇನ್ನೂ ಎಳೆಯದು ಕೆಂಚಿ.

ಆಷಾಢದಲ್ಲಿ ಯಜಮಾನ ಗೌರಿಯ ಬೆನ್ನು ಹತ್ತಿದ. ದಡದ ಮೇಲಲ್ಲ, ಕೊಳದೊಳಗೆ. ಅವಳು ಈಜಿದತ್ತ ಇವನೂ ಈಜುವುದು, ಅವಳು ಮುಳುಗಿದರೆ ಏಳುವ ತನಕ ಕಾಯುವುದು. ಅವಳಿಗೆ ಸಾಕೆನಿಸಿ ದಡ ಹತ್ತಿದಳೋ, ಯಜಮಾನನ ಕೆಲಸ ಕೆಟ್ಟಿತು. ನೀರಲ್ಲಿದ್ದರೆ ಮಾತ್ರ ಅವಳು ಒಪ್ಪುವುದು. ಪಕ್ಕದ ಗದ್ದೆಯಲ್ಲಿ ಕಳೆ ಕೀಳುತ್ತಿದ್ದ ಹೆಂಗಸರು ಬೇಲಿಗೆ ಒರಗಿ ನಿಂತು ನಗಾಡಿದರು.

"ಆಸಾಡದಾಗೆ ಎಂಡ್ತೀನ ತವ್ರಿಗೆ ಕಳಿಸ್ಬೇಕು ಅಂತ ಇವ್ನಿಗ್ಯಾರೂ ಏಳ್ನಿಲ್ವೇನಮ್ಮಿ," ಎಂದು ಚಲುವಮ್ಮ ಕೇಳಿದಳು.

"ಇವಕ್ಕೆ ತವ್ರೆಲ್ಲೈತೆ ಬುಡು," ಎಂದು ಚಿಕ್ಕಮಾದಮ್ಮ ಉತ್ತರ ಕೊಟ್ಟಳು.

ಹತ್ತು ಹನ್ನೆರಡು ದಿನ ಕಳೆದ ಮೇಲೆ ಕೆಂಚಿಯ ಸರದಿಯೂ ಬಂತು. ಐದು ತಿಂಗಳ ಬಸಿರು ಎಂದು ಮಳವಳ್ಳಿಯಿಂದ ಬರುವ ಪಶುವೈದ್ಯೆ ನಾಗಶ್ರೀ ಹೇಳಿದ್ದಳು. ಚಿಕ್ಕಮಾದಮ್ಮ ಬೆರಳು ಮಡಚಿ ತಿಂಗಳು ಎಣಿಸಿಕೊಂಡಳು. ಬಹಳ ದಿನದ ಮೇಲೆ ಆ ಬೆರಳುಗಳಿಗೆ ಮತ್ತೆ ಆ ಲೆಕ್ಕ ಸಿಕ್ಕಿತ್ತು.

ಕಾರ್ತೀಕದಲ್ಲಿ ನಿಡಘಟ್ಟದಿಂದ ಮಗಳು ನಾಗಮಣಿ ಫೋನು ಮಾಡಿದಳು. ಅವಳಿಗೆ ಆಗ ಐದು ತುಂಬಿ ಆರು.

"ಅವ್ವ, ಈ ಸಲಾನೂ ಬಾಣಂತನಕ್ಕೆ ಅಲ್ಗೇ ಬತ್ತೀನಿ ಕಣವ್ವ."

ಚಿಕ್ಕಮಾದಮ್ಮ ಫೋನನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡಳು. ಮೂರು ವರ್ಷದಿಂದ ನಾಗಮಣಿ ಹಬ್ಬಕ್ಕೆ ಬಂದರೆ ಸಂಜೆ ಬಸ್ಸಿಗೆ ಹೊರಟುಬಿಡುತ್ತಿದ್ದಳು. ಒಂದು ರಾತ್ರಿಯೂ ತಾಯಿಯ ಮನೆಯಲ್ಲಿ ಮಲಗಿರಲಿಲ್ಲ. ಅವಳ ಮೊದಲ ಮಗು ಆಸ್ಪತ್ರೆಯಲ್ಲಿ ಹುಟ್ಟಿ, ಮೂರನೆಯ ದಿನ ಈ ಮನೆಗೆ ಬಂದು, ಒಂಬತ್ತನೆಯ ದಿನ ಈ ಮನೆಯಲ್ಲೇ ಹೋಗಿತ್ತು. ಹಣೆಬರಹ ಎಂದರು ಎಲ್ಲರೂ. ಎಲ್ಲರಿಗಿಂತ ಗಟ್ಟಿಯಾಗಿ ಹಾಗೆಂದವಳು ಚಿಕ್ಕಮಾದಮ್ಮನೇ. ಅಳಿಯ ರವಿಚಂದ್ರ ಮೇಷ್ಟ್ರು, ಮೆತ್ತಗಿನ ಮನುಷ್ಯ, ಒಂದು ಕೆಟ್ಟ ಮಾತಾಡಲಿಲ್ಲ. ನಾಗಮಣಿಯಂತೂ ಏನೂ ಅನ್ನಲಿಲ್ಲ, ಅಳಲೂ ಇಲ್ಲ. ಯಾರೂ ದೂರದಿದ್ದರೂ, ಊರಿನ ಕೂಸುಗಳನ್ನೆಲ್ಲ ಕಾಲ ಮೇಲೆ ಮಲಗಿಸಿಕೊಂಡು ನೀರು ಹಾಕಿದವಳ ಸ್ವಂತ ಮೊಮ್ಮಗು ದಕ್ಕಲಿಲ್ಲ ಎನ್ನುವುದು ಚಿಕ್ಕಮಾದಮ್ಮನನ್ನು ಒಳಗೊಳಗೇ ತಿನ್ನುತ್ತಿತ್ತು. ಇನ್ನೊಂದು ಸಲ ಮಗಳಿಗೆ ನೀರು ಹಾಕಬೇಕು, ಅವಳ ಮಗುವಿಗೆ ಎಣ್ಣೆ ತೀಡಬೇಕು. ಅವಳಿಗೆ ಬದುಕಿನಲ್ಲಿ ಉಳಿದಿದ್ದ ಆಸೆ ಅದೊಂದೇ.

ಮಾರ್ಗಶಿರದ ಚಳಿ ಹಿಡಿದುಕೊಂಡಿತು. ಗೌರಿ ಒಂದು ಬೆಳಗಿನ ಜಾವ ಯಾರಿಗೂ ಹೇಳದೆ ಕೇಳದೆ ದಡದ ಹುಲ್ಲಿನ ಮೇಲೆ ಐದು ಮರಿ ಹಾಕಿದಳು. ಚಿಕ್ಕಮಾದಮ್ಮ ಬರುವಷ್ಟರಲ್ಲಿ ಅವಳ ಕೈಗೆ ಕೆಲಸವೇ ಉಳಿದಿರಲಿಲ್ಲ. ಮರಿಗಳು ಮೈತುಂಬ ರೋಮ ಹೊತ್ತು, ಕಣ್ಣು ಬಿಟ್ಟುಕೊಂಡೇ ಹುಟ್ಟಿದ್ದವು. ಬಾಯಲ್ಲಿ ಹಲ್ಲೂ ಇದ್ದವು. ಒಂದು ಗಳಿಗೆಯಲ್ಲಿ ಎದ್ದು ನಡೆದವು. ಮಧ್ಯಾಹ್ನಕ್ಕೆ ಗೌರಿ ಅವನ್ನು ಕರೆದುಕೊಂಡು ಗುಂಪಿಗೆ ಸೇರಿ ಕೊಳದ ಅಂಚಿಗೆ ಇಳಿದಿದ್ದಳು. ಎರಡನೆಯ ದಿನ ಒಂದು ಮರಿ ನೀರಂಚಿನಲ್ಲಿ ಸತ್ತು ಬಿದ್ದಿತ್ತು.

ನಾಗಶ್ರೀ ಬಂದು ನೋಡಿದಳು. "ಐದರಲ್ಲಿ ಒಂದು ಹೋಗೋದು ಸಹಜ ಅಮ್ಮ. ಕೆಂಚಿ ಮರಿ ಹಾಕಿದಾಗಲೂ ನೀವೇನೂ ಮಾಡೋಕೆ ಹೋಗಬೇಡಿ. ಅದೇ ದಿನ ಗುಂಪಿಗೆ ಸೇರಿಕೊಳ್ಳಲಿ. ಇವು ಒಬ್ಬೊಬ್ಬರೇ ಮರಿ ಸಾಕೋದಿಲ್ಲ. ಹಾಲಿರೋ ತಾಯಿ ಯಾವುದೇ ಆಗಲಿ, ಎಲ್ಲ ಮರಿಗೂ ಕುಡಿಸ್ತವೆ. ನೀರಿಂದಂತೂ ದೂರ ಇಡಲೇಬೇಡಿ."

"ಆಯ್ತು ಡಾಕ್ಟ್ರಮ್ಮ," ಎಂದಳು ಚಿಕ್ಕಮಾದಮ್ಮ. ಒಳಗೆ ಮಾತ್ರ ಒಪ್ಪಿರಲಿಲ್ಲ. ಹೆತ್ತ ದಿನವೇ ತಣ್ಣೀರಿಗಿಳಿಯುವ ಬಾಣಂತಿ ಯಾವ ಲೋಕದಲ್ಲಿದ್ದಾಳೆ? ಆ ಮರಿ ಶೀತಕ್ಕೇ ಸತ್ತಿತು ಎಂದು ಅವಳಿಗೆ ಖಾತ್ರಿಯಾಗಿತ್ತು. ಈ ಡಾಕ್ಟರಮ್ಮನಿಗೆ ಮದುವೆಯೇ ಆಗಿಲ್ಲ, ಇವಳು ನನಗೆ ಬಾಣಂತನ ಹೇಳಿಕೊಡುತ್ತಾಳೆ. ಗೌರಿಯಾದರೂ ಒಂದು ಹೆತ್ತವಳು, ಕೆಂಚಿಯದು ಚೊಚ್ಚಲು. ಅವಳನ್ನು ಹಾಗೆ ಬಿಡಲು ಸಾಧ್ಯವಿಲ್ಲ.

ಯತೀಶ್ ಮಾಲೆ ಹಾಕಿದ್ದವನು ಮುಂದಿನ ವಾರ ಇರುಮುಡಿ ಕಟ್ಟಿಕೊಂಡು ಶಬರಿಮಲೆಗೆ ಹೊರಟ. ಅವನು ಹೋದ ಮರುದಿನ ಕೆಂಚಿ ನಾಲ್ಕು ಮರಿ ಹಾಕಿದಳು.

ಈ ಸಲ ಚಿಕ್ಕಮಾದಮ್ಮ ಎದುರಿಗೇ ಇದ್ದಳು. ಮೈ ನೆಕ್ಕಿ ಮುಗಿಯುವುದನ್ನೇ ಕಾದಿದ್ದು, ಮರಿಗಳನ್ನು ಬುಟ್ಟಿಯಲ್ಲಿಟ್ಟುಕೊಂಡು ಮುಂದೆ ನಡೆದಳು. ಕೆಂಚಿ ಹಿಂದೆಯೇ ಬಂದಳು. ಬೇಲಿಯೊಳಗೇ ಖಾಲಿ ಬಿದ್ದಿದ್ದ ಮೇಕೆ ಕೊಟ್ಟಿಗೆಯಲ್ಲಿ ಒಣಹುಲ್ಲಿನ ಹಾಸು ಮೊದಲೇ ಸಿದ್ಧವಿತ್ತು. ಗಾಳಿ ನುಗ್ಗದಂತೆ ಕಿಟಕಿಗೆ ಗೋಣಿತಾಟು ಕಟ್ಟಿದ್ದಳು. ಮೂಲೆಯಲ್ಲಿ ಕೆಂಡದ ಮಡಕೆ ಇಟ್ಟು, ಮೇಲೊಂದು ಚಿಟಿಕೆ ಸಾಂಬ್ರಾಣಿ ಉದುರಿಸಿದಳು. ಕುಡಿಯಲು ಬೇಸಿನ್ನಿನಲ್ಲಿ ಉಗುರು ಬೆಚ್ಚಗಿನ ನೀರು. ತಿನ್ನಲು ಎಳೆಯ ಕಬ್ಬಿನ ಸೋಗೆ, ಸೀಮೆಹುಲ್ಲು. ಹನ್ನೊಂದು ದಿನ ಹೊಸ್ತಿಲು ದಾಟಿಸುವುದಿಲ್ಲ ಎಂದುಕೊಂಡು ಚಿಲಕ ಹಾಕಿದಳು. ಮೂರು ವರ್ಷದ ಮೇಲೆ ಮತ್ತೆ ಒಂದು ಬಾಣಂತಿ ಕೋಣೆ ಅವಳ ಕೈಗೆ ಬಂದಿತ್ತು. ಸುಳ್ಳೇಕೆ ಹೇಳಬೇಕು, ಅವಳು ಅವತ್ತು ತುಂಬ ಖುಷಿಯಾಗಿದ್ದಳು.

ಕೆಂಚಿ ಸೋಗೆ ಮೂಸಿ ನೋಡಿ ಸುಮ್ಮನಾದಳು. ಗೋಡೆಯ ಉದ್ದಕ್ಕೂ ಅತ್ತಿಂದಿತ್ತ ನಡೆದಳು. ಇವುಗಳಿಗೆ ಬಯಲಕಡೆಯೂ ನೀರಲ್ಲೇ ಆಗಬೇಕು. ಕೊಟ್ಟಿಗೆಯಲ್ಲಿ ಅದಕ್ಕೆ ದಾರಿ ಇರಲಿಲ್ಲ. ಮರಿಗಳು ಹಾಲಿಗೆ ಬಾಯಿ ಹಾಕಿದರೆ ಎರಡು ಗುಟುಕಿಗೆ ಎದ್ದು ಮತ್ತೆ ನಡೆಯುತ್ತಿದ್ದಳು. ಚೊಚ್ಚಲು, ಗಾಬರಿ ಇರುತ್ತದೆ, ಎರಡು ದಿನಕ್ಕೆ ಸರಿಹೋಗುತ್ತದೆ ಎಂದುಕೊಂಡಳು ಚಿಕ್ಕಮಾದಮ್ಮ.

ಎರಡನೆಯ ದಿನ ಗೌರಿ ಬಂದಳು. ಕೊಳದಿಂದೆದ್ದು, ಮೈಯಿಂದ ನೀರಿಳಿಸಿಕೊಂಡು, ತನ್ನ ನಾಲ್ಕು ಮರಿಗಳನ್ನು ಹಿಂದೆ ಕಟ್ಟಿಕೊಂಡು ಕೊಟ್ಟಿಗೆಯ ಬಾಗಿಲ ಮುಂದೆ ನಿಂತಳು. ಒಳಗಿನ ಮರಿಗಳು ಸಣ್ಣಗೆ ಸಿಳ್ಳೆ ಹಾಕಿದರೆ ಇವಳ ಗಂಟಲಿನಿಂದಲೂ ಏನೋ ಗುರುಗುಟ್ಟುವ ಸದ್ದು.

"ನಿನ್ ಮಕ್ಳ ನೀನ್ ನೋಡ್ಕೊ ಓಗು. ಇನ್ನೊಬ್ರು ಬಾಣಂತಿ ಕ್ವಾಣೆತವ ನಿಂಗೇನಮ್ಮಿ ಕೆಲ್ಸ," ಎಂದು ಪೊರಕೆ ಎತ್ತಿ ಅವಳನ್ನು ಓಡಿಸಿದಳು.

ಮೂರನೆಯ ದಿನ ಬೆಳಿಗ್ಗೆ ಒಂದು ಮರಿ ಹುಲ್ಲಿನ ಮೇಲೆ ಮೆತ್ತಗೆ ಮಲಗಿತ್ತು. ಮುಟ್ಟಿದರೆ ತಣ್ಣಗಿತ್ತು, ಉಸಿರಿರಲಿಲ್ಲ. ಚಿಕ್ಕಮಾದಮ್ಮ ಕೆಂಡ ಹೆಚ್ಚು ಮಾಡಿದಳು. ಕೆಂಚಿಯ ಹಾಲು ಬತ್ತುತ್ತಿದೆ ಎಂದು ಗೊತ್ತಾಗಿ ಹಸುವಿನ ಹಾಲಿಗೆ ನೀರು ಬೆರೆಸಿ ಒಳಲೆಯಲ್ಲಿ ಕುಡಿಸಿದಳು. ಎಷ್ಟು ಕೂಸುಗಳಿಗೆ ಹಾಗೆ ಕುಡಿಸಿದ ಒಳಲೆಯೋ ಅದು. ನಾಲ್ಕನೆಯ ದಿನ ಇನ್ನೊಂದು ಮರಿ ಹೋಯಿತು. ಕೆಂಚಿಯ ಚರ್ಮ ಒಣಗಿ ಬಿರುಕುಬಿಟ್ಟಿತ್ತು. ಅವಳು ನಡೆಯುವುದನ್ನೂ ಬಿಟ್ಟು, ಗೋಡೆಗೆ ಮೂಗು ಕೊಟ್ಟು ಮಲಗಿದ್ದಳು. ಮಧ್ಯಾಹ್ನ ನಾಗಶ್ರೀಯ ಫೋನು ಬಂತು. "ಎಲ್ಲ ಸೆಂದಾಗವೆ ಡಾಕ್ಟ್ರಮ್ಮ," ಎಂದಳು ಚಿಕ್ಕಮಾದಮ್ಮ. ಹೇಳಿಬಿಟ್ಟರೆ ಆ ಹುಡುಗಿಯ ಮಾತು ಗೆದ್ದಂತಾಗುತ್ತದೆ ಎನ್ನುವುದೊಂದು. ಇನ್ನೆರಡು ಉಳಿದಿವೆ, ಉಳಿಸಿಕೊಂಡೇ ತೋರಿಸುತ್ತೇನೆ ಎನ್ನುವುದು ಇನ್ನೊಂದು.

ಐದನೆಯ ದಿನ ಮೂರನೆಯದೂ ಹೋಯಿತು.

ಅದನ್ನು ಮಣ್ಣು ಮಾಡಿ ಕೈ ತೊಳೆದುಕೊಂಡು ಬರುವಾಗ ಗೌರಿ ಮತ್ತೆ ಬಾಗಿಲಲ್ಲಿದ್ದಳು. ಎರಡನೆಯ ದಿನದಿಂದ ದಿನವೂ ಬರುತ್ತಿದ್ದಳು, ಇವಳು ದಿನವೂ ಓಡಿಸುತ್ತಿದ್ದಳು. ಚಿಕ್ಕಮಾದಮ್ಮ ಅಭ್ಯಾಸಬಲದಿಂದ ಪೊರಕೆಗೆ ಕೈ ಹಾಕಿದಳು. ಒಳಗೆ ಉಳಿದಿದ್ದ ಒಂದೇ ಮರಿ ಆಗ ಸಿಳ್ಳೆ ಹಾಕಿತು. ತೀರಾ ಸಣ್ಣಗೆ, ಕೇಳಿಸಿಯೂ ಕೇಳಿಸದಂತೆ. ಗೌರಿಯ ಹೊಟ್ಟೆಯ ಕೆಳಗಿನ ತೊಟ್ಟುಗಳಿಂದ ಹಾಲು ತಾನಾಗಿ ತೊಟ್ಟಿಕ್ಕಿ ಮಣ್ಣಿಗೆ ಬಿತ್ತು.

ಪೊರಕೆ ಹಿಡಿದ ಕೈ ಅಲ್ಲೇ ನಿಂತಿತು.

ಅರುಂಧತಿಯ ರವಿಕೆ ಹೀಗೆಯೇ ಒದ್ದೆಯಾಗಿತ್ತು. ಅರುಂಧತಿ ಎಂದರೆ ರವಿಚಂದ್ರನ ಅಕ್ಕ, ಮದ್ದೂರಿನಲ್ಲಿ ನರ್ಸು ಕೆಲಸದವಳು. ನಾಗಮಣಿಯ ಬಾಣಂತನದ ಆರನೆಯ ದಿನ, ಆರು ತಿಂಗಳ ತನ್ನ ಕೂಸನ್ನು ತಾಯಿಯ ಬಳಿ ಬಿಟ್ಟು, ಬಸ್ಸು ಹತ್ತಿ ಒಬ್ಬಳೇ ಬಂದಿದ್ದಳು. ಮಗು ಸೊರಗಿದೆ ಎಂದು ಯಾರೋ ಹೇಳಿದ್ದರಂತೆ. ಒಳಕೋಣೆಯಲ್ಲಿ ನಾಗಮಣಿ ಕಷಾಯ ಕುಡಿದು ನಿದ್ದೆ ಹೋಗಿದ್ದಳು. ಕೂಸು ಅಳುತ್ತಿತ್ತು. ಅಳು ಕೇಳುತ್ತಾ ಕೇಳುತ್ತಾ, ಹೊಸ್ತಿಲಾಚೆ ನಿಂತ ಅರುಂಧತಿಯ ಎದೆಯ ಮೇಲೆ ರವಿಕೆ ನೆನೆಯುತ್ತಾ ಹೋಯಿತು. "ಅತ್ತೆ, ನಂಗೆ ಹಾಲು ಬೇಕಾದಷ್ಟು ಇದೆ. ಅವಳಿಗೆ ಬರೋತನಕ ನಾನು ಕುಡಿಸ್ತೀನಿ. ಇಲ್ಲಾ ಮಳವಳ್ಳಿ ಆಸ್ಪತ್ರೆಗಾದರೂ ಕರ್ಕೊಂಡು ಹೋಗೋಣ," ಎಂದು ಕೇಳಿದ್ದಳು.

ಚಿಕ್ಕಮಾದಮ್ಮ ಬಾಗಿಲಿಗೆ ಅಡ್ಡ ನಿಂತಿದ್ದಳು. ಆರು ತಿಂಗಳ ಹಾಲು ಗಟ್ಟಿ, ಆರು ದಿನದ ಕೂಸಿಗೆ ಅರಗುವುದಿಲ್ಲ ಎಂದಿದ್ದಳು. ಹನ್ನೊಂದು ಕಳೆಯದೆ ಕೂಸು ಹೊಸ್ತಿಲು ದಾಟಬಾರದು ಎಂದಿದ್ದಳು. ಆಸ್ಪತ್ರೆ ರೋಗ ಮೆತ್ತಿಕೊಂಡು ಬಂದವಳು ನೀನು, ಒಳಗೆ ಕಾಲಿಡಬೇಡ ಎಂದೂ ಅಂದಿದ್ದಳು. ಅವಳು ಕಣ್ಣೊರೆಸಿಕೊಂಡು ಹೊರಟುಹೋದಳು. ಆಮೇಲೆ ಚಿಕ್ಕಮಾದಮ್ಮ ಒಳಗೆ ಹೋಗಿ, ಹಸುವಿನ ಹಾಲಿಗೆ ನೀರು ಬೆರೆಸಿ ಒಳಲೆಗೆ ಸುರಿದುಕೊಂಡಿದ್ದಳು.

ಚಿಕ್ಕಮಾದಮ್ಮ ಕೊಟ್ಟಿಗೆಯ ಚಿಲಕ ತೆಗೆದಳು.

ಕೆಂಚಿ ಮೊದಲು ತಲೆ ಎತ್ತಿದಳು. ಬೆಳಕು ಕಂಡದ್ದೇ ಎದ್ದು, ಬಿದ್ದು, ಮತ್ತೆ ಎದ್ದು ನೇರ ಕೊಳಕ್ಕೆ ಹೋಗಿ ಬಿದ್ದಳು. ತಿರುಗಿ ನೋಡಲಿಲ್ಲ. ಯಜಮಾನ ಹತ್ತಿರ ಈಜಿ ಬಂದು ಮೂಸಿದ, ಅವಳು ಕಣ್ಣು ಮುಚ್ಚಿಕೊಂಡು ನೀರಲ್ಲೇ ಇದ್ದಳು. ಉಳಿದ ಒಂದು ಮರಿ ನಾಲ್ಕು ಹೆಜ್ಜೆಗೊಮ್ಮೆ ಕೂತು, ಎದ್ದು ಹೊಸ್ತಿಲು ದಾಟಿತು. ಗೌರಿ ಅಲ್ಲೇ ಮಗ್ಗುಲಾದಳು. ಅವಳ ನಾಲ್ಕು ಮರಿ ಆಗಲೇ ಕುಡಿಯಲು ಮುಗಿಬಿದ್ದಿದ್ದವು. ಇದು ಅವುಗಳ ನಡುವೆ ತಲೆ ತೂರಿಸಿತು. ಯಾರೂ ತಳ್ಳಲಿಲ್ಲ. ಐದನೆಯದು ಎಲ್ಲಿಂದ ಬಂತು ಎಂದು ಗೌರಿ ಕತ್ತು ಹೊರಳಿಸಿಯೂ ನೋಡಲಿಲ್ಲ. ಮರಿಯ ಗಂಟಲು ಏಳುತ್ತಾ ಇಳಿಯುತ್ತಾ ಇರುವುದು ಚಿಕ್ಕಮಾದಮ್ಮನಿಗೆ ಕಾಣುತ್ತಿತ್ತು.

"ಇಷ್ಟೇನಾ," ಎಂದಳು ತನಗೆ ತಾನೇ. "ಇಷ್ಟೇನಾ ಮಾಡ್ಬೇಕಾಗಿದ್ದುದು."

ಪೊರಕೆಯನ್ನು ಪಕ್ಕಕ್ಕಿಟ್ಟು, ಕೊಟ್ಟಿಗೆಯ ಹೊಸ್ತಿಲ ಮೇಲೆ ಕುಳಿತು ಅತ್ತಳು. ಮೊಮ್ಮಗು ಸತ್ತಾಗ ಹತ್ತು ಜನರ ಮುಂದೆ ಹಾಡಿಕೊಂಡು ಅತ್ತಿದ್ದಳು. ಈಗ ಸದ್ದೇ ಬರಲಿಲ್ಲ.

ಮಾರನೆಯ ದಿನ ತಾನೇ ಫೋನು ಮಾಡಿ ನಾಗಶ್ರೀಯನ್ನು ಕರೆಸಿದಳು. ಏನನ್ನೂ ಮುಚ್ಚಿಡದೆ ಎಲ್ಲವನ್ನೂ ಹೇಳಿದಳು. ನಾಗಶ್ರೀ ಕೆಂಡದ ಮಡಕೆ ನೋಡಿದಳು, ಕಿಟಕಿಯ ಗೋಣಿತಾಟು ನೋಡಿದಳು. ಅವಳ ಮುಖ ಕೆಂಪಾಯಿತು, ಆದರೂ ಮುದುಕಿಯ ಮೋರೆ ನೋಡಿ ಬೈಯಲಿಲ್ಲ. ಕೆಂಚಿಯ ಚರ್ಮಕ್ಕೆ ಮುಲಾಮು ಕೊಟ್ಟು, ಮರಿಯನ್ನು ಎತ್ತಿ ಹೊಟ್ಟೆ ಮುಟ್ಟಿ ನೋಡಿದಳು. "ಇದಕ್ಕೇನೂ ಭಯ ಇಲ್ಲ. ಚೆನ್ನಾಗಿ ಕುಡಿದಿದೆ," ಎಂದಳು.

"ಒಂದ್ ಮಾತು ಕೇಳ್ತೀನಿ ಡಾಕ್ಟ್ರಮ್ಮ, ನನ್ ಸಮಾಧಾನಕ್ಕೆ ಅಂತ ಏಳ್ಬೇಡ. ಮೊದಲ್ನೇ ದಿನ್ವೇ ಬುಟ್ಟಿದ್ರೆ ಆ ಮೂರೂ ಬದುಕ್ತಿದ್ವಾ?"

ನಾಗಶ್ರೀ ಮರಿಯನ್ನು ಕೆಳಗೆ ಬಿಟ್ಟಳು. "ಬದುಕ್ತಿದ್ವು ಅಮ್ಮ."

ಸಂಜೆ ಹೊತ್ತಿಗೆ ಯತೀಶ್‌ನ ಫೋನು ಬಂತು. ನಾಗಶ್ರೀ ಅವನಿಗೆ ಹೇಳಿದ್ದಳು. "ಓಗ್ಲಿ ಬುಡು ಮಾದಮ್ಮ, ಅವುಗಳ ಅಣೆಬರಾ ಅಷ್ಟೇ ಇತ್ತು. ನೀನೇನು ಬೇಕೂಂತ ಮಾಡ್ದಾ," ಎಂದ. ಒಳ್ಳೆಯ ಹುಡುಗ, ಒಳ್ಳೆಯ ಮನಸ್ಸಿನಿಂದಲೇ ಅಂದದ್ದು. ಚಿಕ್ಕಮಾದಮ್ಮನಿಗೆ ಮಾತ್ರ ಆ ಮಾತು ಕೇಳಿ ಮೈಯೆಲ್ಲ ಉರಿಯಿತು. ಮೂರು ವರ್ಷ ಇದೇ ಮಾತಿನ ಹಿಂದೆ ತಾನು ಬಚ್ಚಿಟ್ಟುಕೊಂಡು ಬದುಕಿದ್ದೆ ಎಂದು ಅವಳಿಗೆ ಈಗ ಗೊತ್ತಾಗಿತ್ತು. ಹಣೆಯಲ್ಲಿ ಯಾರೂ ಏನೂ ಬರೆದಿರಲಿಲ್ಲ. ಬಾಗಿಲಿಗೆ ಅಡ್ಡ ನಿಂತವಳು ತಾನು.

ಎರಡು ದಿನ ಬಿಟ್ಟು ಅವಳು ನಿಡಘಟ್ಟಕ್ಕೆ ಹೊರಟಳು. ಮಳವಳ್ಳಿಯಲ್ಲೊಮ್ಮೆ, ಮದ್ದೂರಿನಲ್ಲೊಮ್ಮೆ ಬಸ್ಸು ಬದಲಿಸಿದಳು. ಹೇಳಬೇಕಾದದ್ದನ್ನು ದಾರಿಯುದ್ದಕ್ಕೂ ಬಾಯಲ್ಲೇ ಜೋಡಿಸಿಕೊಂಡಳು, ಮದ್ದೂರು ದಾಟುವಷ್ಟರಲ್ಲಿ ಎಲ್ಲ ಮರೆತುಹೋಯಿತು.

ಭಾನುವಾರ, ರವಿಚಂದ್ರ ಯಾವುದೋ ಮದುವೆಗೆ ಹೋಗಿದ್ದ. ಅಕ್ಕಪಕ್ಕದ ಮನೆಯೇ ಆದ್ದರಿಂದ ಅರುಂಧತಿ ಬಂದು ನಾಗಮಣಿಯ ಜೊತೆ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ತಾಯಿಯನ್ನು ಕಂಡು ನಾಗಮಣಿಯ ಮುಖ ಅರಳಿತು. ಎದ್ದು ಬಂದು ಕೈ ಹಿಡಿದು, "ಒಂದ್ ಫೋನಾರ ಮಾಡ್ಬಾರ್ದಾ ಅವ್ವ, ಸ್ಟಾಪಿಗೆ ಬತ್ತಿದ್ದೆ," ಎಂದಳು. ಹೊಟ್ಟೆ ಕಾಣುವಷ್ಟಾಗಿತ್ತು.

ಚಿಕ್ಕಮಾದಮ್ಮ ನೀರು ಕುಡಿದು, ಲೋಟ ಕೆಳಗಿಟ್ಟು, ಸುತ್ತಿ ಬಳಸದೆ ಹೇಳಿದಳು. "ಬಾಣಂತನಕ್ಕೆ ಅಲ್ಗೆ ಬರ್ಬ್ಯಾಡ ಮಗ. ಇಲ್ಲೇ ಇರು. ಅರುಂಧತವ್ವ ನೋಡ್ಕತಾಳೆ."

ಮತ್ತೆ ಅವರೆಕಾಯಿ ಸುಲಿಯಲು ಕೂತಿದ್ದ ನಾಗಮಣಿ ತಲೆ ಎತ್ತಿದಳು. "ಯಾಕವ್ವ? ನಿಂಗೆ ಉಸಾರಿಲ್ವಾ?"

"ಉಸಾರಾಗಿವ್ನಿ."

"ಮತ್ತೆ? ನೀನಿದ್ರೆ ಆಲು ಬತ್ತದೆ ಅಂತಾನೇ ನಾನ್ ಬತ್ತೀನಿ ಅಂದಿದ್ದು. ಓದ್ ಸಲ ನನ್ ಎದೇಲಿ ಆಲಿಲ್ದೇ ಮಗ ಓಯ್ತು. ಈ ಸಲಾನೂ ಅಂಗೇ ಆದ್ರೆ ನಾನ್ ಬದುಕಾಕಿಲ್ಲ ಕಣವ್ವ. ನಿಂಗ್ ಗೊತ್ತಿರೋ ಬೇರು ನಾರು ಏನಾರ ಕೊಟ್ಟು, ಎಂಗಾರ ಮಾಡಿ..."

ಅವಳು ಇಷ್ಟು ಮಾತಾಡಿದ್ದನ್ನು ಚಿಕ್ಕಮಾದಮ್ಮ ಮೂರು ವರ್ಷದಲ್ಲಿ ಕೇಳಿರಲಿಲ್ಲ. ಮಗಳು ತನ್ನ ಮೇಲೆ ಮುನಿಸಿಕೊಂಡು ಸುಮ್ಮನಾಗಿದ್ದಾಳೆ ಎಂದು ತಿಳಿದಿದ್ದಳು. ಮಗಳು ಮುನಿಸಿಕೊಂಡಿದ್ದದ್ದು ತನ್ನ ಮೈಯ ಮೇಲೆಯೇ ಎಂದು ಯಾವತ್ತೂ ಹೊಳೆದಿರಲಿಲ್ಲ.

ಅರುಂಧತಿಯ ಕಡೆ ನೋಡಿದಳು. ಅರುಂಧತಿ ತಲೆ ತಗ್ಗಿಸಿ ಕಾಯಿ ಸುಲಿಯುತ್ತಲೇ ಇದ್ದಳು.

"ಇವ್ಳಿಗೆ ಏಳೇ ಇಲ್ವಾ ನೀನು?"

ಅರುಂಧತಿ ಇಲ್ಲವೆಂದು ತಲೆಯಾಡಿಸಿದಳು. "ಏನು ಹೇಳ್ಲಿ ಅತ್ತೆ. ಮಗು ಹೋಗಿಬಿಟ್ಟಿತ್ತು. ಅವಳಿಗೆ ಅವ್ವನಾದ್ರೂ ಉಳೀಲಿ ಅಂದ್ಕೊಂಡೆ."

ನಾಗಮಣಿ ಇಬ್ಬರ ಮುಖವನ್ನೂ ನೋಡಿದಳು. "ಏನು? ಏನ್ ಏಳ್ನಿಲ್ಲ?"

ಚಿಕ್ಕಮಾದಮ್ಮ ಹೇಳಿದಳು. ಆರನೆಯ ದಿನ ಅರುಂಧತಿ ಬಂದದ್ದು, ಹಾಲು ಕುಡಿಸುತ್ತೇನೆ ಎಂದು ಬೇಡಿಕೊಂಡದ್ದು, ಆಸ್ಪತ್ರೆಗೆ ಹೋಗೋಣ ಎಂದದ್ದು, ತಾನು ಅವಳನ್ನು ಹೊಸ್ತಿಲಿಂದಲೇ ಅಟ್ಟಿದ್ದು. "ನಿನ್ ಎದೇದು ಏನೂ ತಪ್ಪಿಲ್ಲ ಕಣ್ ಮಗ. ಎಲ್ರಿಗೂ ಒಂದೇ ಸಲ ಆಲು ಬರಾಕಿಲ್ಲ, ತಡ ಆಯ್ತದೆ. ಬಾಗಿಲತಾವ ಬೇಕಾದಷ್ಟು ಆಲಿತ್ತು. ನಾನು ಒಳೀಕ್ ಬುಡ್ನಿಲ್ಲ." ಎಮ್ಮೆಯಿಲಿಯ ವಿಷಯವನ್ನೂ ಹೇಳಬೇಕೆಂದಿದ್ದಳು. ಹೇಳಲಿಲ್ಲ. ಆ ಕೂಸಿನ ಸಾವಿನ ಪಕ್ಕದಲ್ಲಿ ಇಲಿಯ ಮರಿಗಳನ್ನು ತಂದಿಡಲು ಅವಳಿಗೆ ಬಾಯಿ ಬರಲಿಲ್ಲ.

ನಾಗಮಣಿ ಕೈಯಲ್ಲಿದ್ದ ಕಾಯಿಯನ್ನು ಮೊರಕ್ಕೆ ಹಾಕಿದಳು. ಆಮೇಲೆ ಕೇಳಿದಳು, "ನಾನ್ ನಿದ್ದೆ ಮಾಡ್ತಿದ್ನಾ?"

"ಊಂ."

"ಎಬ್ಬರಿಸ್ಬೋದಿತ್ತಲ್ಲವ್ವ."

ಚಿಕ್ಕಮಾದಮ್ಮ ಕೆಳಗಿಟ್ಟ ಲೋಟವನ್ನೇ ನೋಡುತ್ತಿದ್ದಳು.

"ಮೂರ್ ವರ್ಸ," ಎಂದಳು ನಾಗಮಣಿ. "ಮೂರ್ ವರ್ಸ ಸ್ನಾನ ಮಾಡುವಾಗ ನನ್ ಮೈನ ನಾನೇ ನೋಡ್ಕಂಡಿಲ್ಲ ಕಣವ್ವ. ಅಸಯ್ಯ ಆಯ್ತಿತ್ತು." ಅಷ್ಟು ಹೇಳಿ ಎದ್ದು ಒಳಗೆ ಹೋದಳು. ಒಂದು ಗಳಿಗೆಯ ಮೇಲೆ ಅವಳ ಅಳು ಕೇಳಿಸಿತು. ಮಗು ಹೋದ ದಿನ ಅಳದೆ ಇದ್ದವಳು, ಈಗ ಓಣಿಯವರೆಲ್ಲ ಕೇಳಲಿ ಎನ್ನುವಂತೆ ಬಾಯಿಬಿಟ್ಟು ಅತ್ತಳು.

ಚಿಕ್ಕಮಾದಮ್ಮ ಏಳಹೋದಳು. ಅರುಂಧತಿ ಅವಳ ಮೊಣಕೈ ಹಿಡಿದು ಕೂರಿಸಿದಳು. "ಅಳಲಿ ಅತ್ತೆ. ಈಗ ಹೋಗಬೇಡಿ."

ಸುಲಿದ ಕಾಳು ಮೊರದಲ್ಲಿ ಹಾಗೇ ಇತ್ತು. ಒಲೆಯ ಮೇಲೆ ಸಾರು ಕುದಿದು ಕುದಿದು ಇಂಗುತ್ತಿತ್ತು, ಅರುಂಧತಿಯೇ ಹೋಗಿ ಒಲೆ ಆರಿಸಿ ಬಂದಳು. ಊಟದ ಹೊತ್ತು ಮೀರಿತ್ತು. ಆ ಸೀಮೆಯಲ್ಲಿ ಜಗಳವಾಡಿ ಹೊರಟ ನೆಂಟರನ್ನೂ ಉಂಡು ಹೋಗು ಎಂದು ತಡೆಯುತ್ತಾರೆ. ಚಿಕ್ಕಮಾದಮ್ಮ ಎದ್ದು ಸೆರಗು ಸರಿಮಾಡಿಕೊಂಡು, ಒಳಗಿನ ಬಾಗಿಲಿಗೆ ಮುಖ ಮಾಡಿ, "ಓಗ್ ಬತ್ತೀನಿ ಮಗ," ಎಂದಳು. ಅಳು ನಿಂತಿತ್ತು, ನಾಗಮಣಿ ಎಚ್ಚರವಾಗಿಯೇ ಇದ್ದಳು. ಉಂಡು ಹೋಗವ್ವ ಎನ್ನುವ ಮಾತು ಬರಲಿಲ್ಲ. ಚಿಕ್ಕಮಾದಮ್ಮ ಅದಕ್ಕಾಗಿ ಎರಡು ನಿಮಿಷ ಹೆಚ್ಚೇ ಕಾದಳು.

ಬಸ್ಸು ನಿಲ್ಲುವ ತನಕ ಅರುಂಧತಿ ಜೊತೆಗೆ ಬಂದಳು. ಹೆದ್ದಾರಿಯ ಮೇಲೆ ಕಾರುಗಳು ಬರ್ರನೆ ಹೋಗುತ್ತಿದ್ದವು, ಮಾತು ಕೇಳಿಸಬೇಕಾದರೆ ಹತ್ತಿರ ನಿಲ್ಲಬೇಕಿತ್ತು.

"ನೀವು ಏನೂ ಯೋಚನೆ ಮಾಡಬೇಡಿ ಅತ್ತೆ. ಹೆರಿಗೆ, ಬಾಣಂತನ ಎಲ್ಲ ನಾನು ನೋಡ್ಕೋತೀನಿ. ನೀವು ಹನ್ನೊಂದರ ದಿನ ಬನ್ನಿ."

"ಅವ್ಳು ಕರೆದ್ರೆ ಬತ್ತೀನಿ."

"ಕರೀತಾಳೆ. ಸ್ವಲ್ಪ ದಿನ ಹೋಗಲಿ."

ಚಿಕ್ಕಮಾದಮ್ಮ ತಲೆಯಾಡಿಸಿದಳು. ದೂರದಲ್ಲಿ ಮದ್ದೂರಿನ ಬಸ್ಸು ಬರುತ್ತಿತ್ತು. ನೂರಾರು ಕೂಸುಗಳಿಗೆ ನೀರು ಹಾಕಿದ ಎರಡೂ ಕೈಗಳನ್ನು ಸೆರಗಿನೊಳಗೆ ಸುತ್ತಿ ಹಿಡಿದುಕೊಂಡಿದ್ದಳು.

"ಕರೀದಿದ್ರೂ ನಾನೇನೂ ಅಂದ್ಕಳಾಕಿಲ್ಲ ಕಣವ್ವ," ಎಂದಳು. "ಒಂದೇ ಒಂದ್ ಕೆಲ್ಸ ಮಾಡು. ಕೂಸು ಉಟ್ಟುದ್ ಮೇಲೆ ಒಂದ್ ಫೋನ್ ಮಾಡು. ಎಣ್ಣಾ ಗಂಡಾ, ಯಾರಂಗದೆ, ಏನೂ ಏಳ್ಬ್ಯಾಡ. ಆಲು ಕುಡೀತಾ ಅದೆ ಅಂತ ಅಷ್ಟು ಏಳ್ಬುಟ್ಟು ಮಡ್ಗು."

ಬಸ್ಸು ಬಂದು ನಿಂತಿತು. ಅರುಂಧತಿ ಕೈ ಹಿಡಿದು ಹತ್ತಿಸಿದಳು. ಬೇಕಾದಷ್ಟು ಸೀಟು ಖಾಲಿ ಇದ್ದರೂ ಚಿಕ್ಕಮಾದಮ್ಮ ಕೂರಲಿಲ್ಲ. ಮದ್ದೂರು ಬರುವ ತನಕ ಕಂಬಿ ಹಿಡಿದು ನಿಂತೇ ಇದ್ದಳು.